72 ಗಂಟೆ ಕಟ್ಟೆಯ ಮೇಲೆ

ಹೊಲದಲ್ಲಿ ಮೊಣಕಾಲು ಮಟ ನೀರು ನಿಂತಿರುವಾಗ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುವ ನೆಮ್ಮದಿ ನಮ್ಮೂರಿನವರಿಗೆ ಎಲ್ಲಿಂದ ಬರುತ್ತದೆಯೋ ನನಗಂತೂ ತಿಳಿಯದು. ಜೇವರ್ಗಿ ತಾಲ್ಲೂಕು, ಭೀಮಾ ತೀರದ ಎರೆ ಭೂಮಿ. ಎರೆಯಲ್ಲಿ ನೀರು ಬೇಗ ಇಂಗುವುದಿಲ್ಲ, ತೊಗರಿಗೆ ನಿಂತ ನೀರು ಆಗಿಬರುವುದಿಲ್ಲ. ಇದನ್ನು ಇವರಿಗೆ ನಾನು ಹೇಳಿಕೊಡಬೇಕೇ? ಹುಟ್ಟಿದಾಗಿನಿಂದ ತೊಗರಿಯನ್ನೇ ಬಿತ್ತಿದವರು! ಆದರೂ ಕೇಳಿದರೆ ಒಂದೇ ಉತ್ತರ: "ತಲಾಟಿ ಬರುತ್ತಾರೆ. ಸಾಹೇಬರು ನೋಡಿ ಬರೆದುಕೊಂಡು ಹೋಗುತ್ತಾರೆ. ನೀನೇಕೆ ಹಾರಾಡುತ್ತೀ?"

ಹಾರಾಡದೆ ಏನು ಮಾಡಲಿ? ಇದೇ ಜನ ಬೆಳೆ ವಿಮೆ ಕಟ್ಟುವಾಗ ಕೊನೆಯ ದಿನ ಸರ್ವರ್ ಇಲ್ಲವೆಂದು ಕಂಪ್ಯೂಟರ್ ಹುಡುಗನ ಜೊತೆ ಜಗಳವಾಡಿದ್ದರು. ಮುಂಗಾರು ತೊಗರಿಗೆ ವಿಮಾ ಮೊತ್ತದ ಶೇ 2ರಷ್ಟು ರೈತನ ಪಾಲು. ಕೈಯಿಂದ ಎಣಿಸಿ ಕೊಟ್ಟ ದುಡ್ಡು. ಹೊಲ ಮುಳುಗಿದರೆ 72 ಗಂಟೆಯ ಒಳಗೆ ತಿಳಿಸಬೇಕು ಎಂಬುದು ಈ ವಿಮೆಯ, ಅಂದರೆ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ, ಷರತ್ತು. 14447ಕ್ಕೆ ಫೋನ್ ಮಾಡಬಹುದು, ಆ್ಯಪ್‌ನಲ್ಲಿ ಹಾಕಬಹುದು, ಬ್ಯಾಂಕಿಗೋ ರೈತ ಸಂಪರ್ಕ ಕೇಂದ್ರಕ್ಕೋ ಹೋಗಿ ಬರೆದು ಕೊಡಬಹುದು. ಇಷ್ಟು ದಾರಿಗಳಿದ್ದರೂ ಒಂದನ್ನೂ ಹಿಡಿಯದೆ ಮೂರು ದಿನ ಕಟ್ಟೆ ಸವೆಸಿದರು.

ಇವರ ತಲೆಯಲ್ಲಿ ಪರಿಹಾರ ಮತ್ತು ವಿಮೆ ಎರಡೂ ಕಲಸುಮೇಲೋಗರವಾಗಿವೆ. ತಲಾಟಿ ಎಂದರೆ ಗ್ರಾಮ ಲೆಕ್ಕಿಗರು; ಅವರ ಪಂಚನಾಮೆ ಸರ್ಕಾರದ ಪರಿಹಾರಕ್ಕೆ. ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ, ಕೇಂದ್ರದ 2022–26ರ ಮಾನದಂಡದ ಪ್ರಕಾರ ಮಳೆಯಾಶ್ರಿತ ಖುಷ್ಕಿ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ ಮಾತ್ರ. ವಿಮೆಯ ದಾರಿಯೇ ಬೇರೆ. ಇಡೀ ಪಂಚಾಯಿತಿಯ ಇಳುವರಿ ಬಿದ್ದರೆ ಆಯ್ದ ಹೊಲಗಳ ಬೆಳೆ ಕೊಯ್ದು ತೂಗಿ ನೋಡುವ ಬೆಳೆ ಕಟಾವು ಪ್ರಯೋಗದ ಲೆಕ್ಕದಲ್ಲಿ ಹಣ ತಾನಾಗಿಯೇ ಬರುತ್ತದೆ, ಯಾರೂ ಫೋನ್ ಮಾಡಬೇಕಿಲ್ಲ. ಆದರೆ ಹಳ್ಳದ ನೀರು ನುಗ್ಗುವುದು ಹಳ್ಳದ ಪಕ್ಕದ ಹೊಲಗಳಿಗೆ. ದಿಬ್ಬದ ಮೇಲಿನವರ ತೊಗರಿ ಸೊಂಪಾಗಿಯೇ ಇರುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಊರಿನಲ್ಲಿ ಏನೂ ಆಗಿಯೇ ಇಲ್ಲ ಎಂದಾಗುತ್ತದೆ! ಅದಕ್ಕಾಗಿಯೇ ಮುಳುಗಡೆಗೆ ಹೊಲವಾರು ದೂರು ಎಂದು ಇಟ್ಟಿರುವುದು. ನಿಮ್ಮ ಸರ್ವೆ ನಂಬರಿನ ದೂರನ್ನು ನೀವೇ ಕೊಡಬೇಕು.

ಇದನ್ನೆಲ್ಲ ಹೇಳುವಷ್ಟರಲ್ಲಿ ಊರಿನ ಮುಖಂಡರು ಎದ್ದು ನಿಂತರು. "ಒಬ್ಬೊಬ್ಬರೇ ಹೋದರೆ ಯಾರು ಕೇಳುತ್ತಾರೆ? ಎಲ್ಲರೂ ಸೇರಿ ತಹಶೀಲ್ದಾರರಿಗೆ ಮನವಿ ಕೊಡೋಣ." ಎಲ್ಲರೂ ತಲೆಯಾಡಿಸಿದರು. ಮನವಿ ಬರೆಸಿ, ಸಹಿ ಹಾಕಿಸಿ, ಜೀಪು ಹತ್ತಿ ಹೋಗುವಷ್ಟರಲ್ಲಿ ನಾಲ್ಕನೆಯ ದಿನ. ಫೋಟೊ ಪತ್ರಿಕೆಯಲ್ಲಿ ಬಂತು, ಮುಖಂಡರು ನಡುವೆ, ಉಳಿದವರು ಅಕ್ಕಪಕ್ಕ. ಆ ತುಣುಕನ್ನು ಕತ್ತರಿಸಿ ವಿಮಾ ಕಂಪನಿಗೆ ಕಳುಹಿಸಿದರೆ ಹಣ ಬರುತ್ತದೆಯೇ, ಯಾರಾದರೂ ಹೇಳಿ.

ಫೋನ್ ಮಾಡುವುದು ಸುಲಭ ಎಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಮುಳುಗಿದ ನನ್ನ ಹೊಲಕ್ಕಾಗಿ ಅಲ್ಲಿಂದಲೇ ಫೋನ್ ಮಾಡಿದೆ. ಸಹಾಯವಾಣಿ ಬಹಳ ಹೊತ್ತು ಸಂಗೀತ ಕೇಳಿಸಿತು, ನಡುವೆ ಕಡಿದುಹೋಯಿತು, ಮತ್ತೆ ಮೊದಲಿನಿಂದ ಹೆಸರು, ಊರು, ಹೋಬಳಿ. ಕತ್ತಲಾಗುವ ಹೊತ್ತಿಗೆ ದೂರು ಸಂಖ್ಯೆ ಬಂತು. ಅಲ್ಲಿಯೇ ನಿಂತಿದ್ದಾಗ ನಮ್ಮ ಓಣಿಯ ಮುದುಕಿಯೊಬ್ಬರು ಬಂದರು. ಅಕ್ಷರ ಬಾರದು. ಪಹಣಿ, ವಿಮೆ ಕಟ್ಟಿದ ರಸೀದಿ, ಆಧಾರ್ ಮೂರನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಮಡಿಚಿ ಸೆರಗಿನೊಳಗೆ ಇಟ್ಟುಕೊಂಡಿದ್ದರು. "ತಮ್ಮಾ, ನಂಬರ್ ಒತ್ತಿ ಕೊಡು, ಮಾತು ನಾನೇ ಆಡುತ್ತೇನೆ" ಎಂದರು. ಆಡಿದರು ಕೂಡ. ಅದೇ ಹೊತ್ತಿಗೆ ಡಿಗ್ರಿ ಮುಗಿಸಿದ ಅವರ ಅಣ್ಣನ ಮೊಮ್ಮಗ ಕಟ್ಟೆಯ ಮೇಲೆ ಮೊಬೈಲ್ ಹಿಡಿದು ಕ್ರಿಕೆಟ್ ನೋಡುತ್ತಿದ್ದ. ಅವನ ಅಪ್ಪನ ಹೊಲವೂ ಮುಳುಗಿತ್ತು.

ವಿಮೆಯ ಸರ್ವೆಯವರು ನನ್ನ ಹೊಲಕ್ಕೆ ಬಂದರು. ಒಂದು ಗಿಡ ಹಿಡಿದು ಎಳೆದರೆ ಬೇರು ಸಮೇತ ಸಲೀಸಾಗಿ ಕೈಗೆ ಬಂತು. ಬೇರಿನ ಸಿಪ್ಪೆ ಕಪ್ಪಾಗಿ ಬೆರಳಿಗೆ ಮೆತ್ತಿಕೊಂಡಿತು. ಫೋಟೊ ತೆಗೆದುಕೊಂಡು ಹೋದರು. ದುಡ್ಡು ಇನ್ನೂ ಬಂದಿಲ್ಲ, ಎಷ್ಟು ಬರುತ್ತದೆಯೋ ದೇವರಿಗೇ ಗೊತ್ತು. ಆದರೆ ಊರಿನಲ್ಲಿ ಸುದ್ದಿ ಮಾತ್ರ ಆಗಲೇ ಹಬ್ಬಿದೆ: "ಅವನಿಗೆ ಒಳಗೆ ಯಾರೋ ಪರಿಚಯ ಇದ್ದಾರೆ. ಇಲ್ಲದಿದ್ದರೆ ಅವನ ಹೊಲಕ್ಕೆ ಮಾತ್ರ ಏಕೆ ಬಂದರು?" ಮೈ ಉರಿಯದೆ ಇರುತ್ತದೆಯೇ? ಮುದುಕಿಯ ಹೊಲಕ್ಕೂ ಬಂದರಲ್ಲ, ಅವರಿಗೆ ಯಾವ ಮಂತ್ರಿಯ ಪರಿಚಯ?

ವರ್ಷಗಟ್ಟಲೆ ಹೋರಾಡಿ 2012ರಲ್ಲಿ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಕ್ಕೆ ಸಂಸತ್ತಿನ ಒಪ್ಪಿಗೆ ಪಡೆದ ಸೀಮೆ ನಮ್ಮದು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಸೀಮೆಯ ಗಂಡಸರಿಗೆ ಐದು ಅಂಕಿ ಒತ್ತಲು ಮುಖಂಡರ ಅಪ್ಪಣೆ ಬೇಕು.

ಇನ್ನು ಡಿಸೆಂಬರಿನಲ್ಲಿ ತೊಗರಿ ಕೊಯ್ಲು. ಕೊಯ್ದು ಒಣಗಲು ಹೊಲದಲ್ಲಿ ಹರಡಿದ ಬೆಳೆಗೆ 14 ದಿನದೊಳಗೆ ಅಕಾಲಿಕ ಮಳೆ ಹೊಡೆದರೂ ವಿಮೆ ಕೇಳಬಹುದು, ಅದಕ್ಕೂ ಅದೇ 72 ಗಂಟೆ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದನ್ನು ಬಿಡಿಸಿ ಬರೆದು ಹಾಕಿದೆ. ಸಾಲು ಸಾಲಾಗಿ ಹೆಬ್ಬೆರಳು ಬಂದವು. ಕಾಕಾ ಒಬ್ಬರು ಬರೆದರು: "ಬಹಳ ಒಳ್ಳೆಯ ಮಾಹಿತಿ ತಮ್ಮಾ. ಮಳೆ ಬಂದರೆ ನಮ್ಮದೂ ನೀನೇ ಹೇಳಿಬಿಡು."

ಇಲ್ಲ ಕಾಕಾ, ಹೇಳುವುದಿಲ್ಲ. ಪಹಣಿ ನಿಮ್ಮದು, ರಸೀದಿ ನಿಮ್ಮದು, ಒಟಿಪಿ ಬರುವುದೂ ನಿಮ್ಮ ಮೊಬೈಲಿಗೇ.