ಗುಂಡಿ ಒತ್ತಿದರೆ ಗಾಳಿಯಂತ್ರ ತಿರುಗುತ್ತದೆ, ಸರಿ. ಆಮೇಲೆ?

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ‘ಮುಟ್ಟಬೇಡಿ’ ಎಂಬ ಚೀಟಿ ಕಂಡರೆ ನನಗೆ ಮೈ ಉರಿಯುತ್ತದೆ. ನವೀಕರಿಸಬಹುದಾದ ಇಂಧನದ ಮಾದರಿಗಳ ಮೇಲಂತೂ ಅದು ಇದ್ದೇ ಇರುತ್ತದೆ. ಥರ್ಮಾಕೋಲ್ ಬೆಟ್ಟ, ಅದರ ನೆತ್ತಿಯಲ್ಲಿ ರಟ್ಟಿನ ಗಾಳಿಯಂತ್ರ, ಕೆಳಗೆ ನೀಲಿ ಬಣ್ಣದ ಹೊಳೆ, ಮೂಲೆಯಲ್ಲೊಂದು ಸೌರಫಲಕ. ಆ ಫಲಕಕ್ಕೂ ಅಲ್ಲಿ ಉರಿಯುವ ಬಲ್ಬಿಗೂ ಸಂಬಂಧವೇ ಇಲ್ಲ. ಬ್ಯಾಟರಿ ಮೇಜಿನಡಿ ಅಡಗಿ ಕೂತಿರುತ್ತದೆ. ಪಕ್ಕದಲ್ಲಿ ನಿಂತ ಮಗು ಒಂದೇ ಉಸಿರಿಗೆ ಪಾಠ ಒಪ್ಪಿಸುತ್ತದೆ, ನಡುವೆ ಬಾಯಿ ಹಾಕಿದರೆ ಪಾಪ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಬಹುಮಾನವೂ ಬರುತ್ತದೆ.

ದುಡ್ಡು ಸುರಿದು ಕಟ್ಟಿದ ಕಡೆ ಚೀಟಿಯ ಬದಲು ಗುಂಡಿ ಇರುತ್ತದೆ. ಒತ್ತಿದರೆ ರೆಕ್ಕೆ ತಿರುಗಿ ದೀಪ ಹತ್ತುತ್ತದೆ. ಕಾಲಿಂಗ್ ಬೆಲ್ ಒತ್ತಿದಷ್ಟೇ ಕಲಿಕೆ. ಕೈ ಮಾಡಿದ ಕೆಲಸ ಹೆಚ್ಚುಕಡಿಮೆಯಾದಾಗ ಫಲವೂ ಹೆಚ್ಚುಕಡಿಮೆಯಾಗಬೇಕು, ಕೆಲವೊಮ್ಮೆ ಕೆಡಲೂಬೇಕು. ಅದಿಲ್ಲದಿದ್ದರೆ ಮುಟ್ಟಿಯೂ ಮುಟ್ಟದ ಹಾಗೆಯೇ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಈ ವಿಷಯಕ್ಕೆ ಕೈಯಿಂದ ತಿರುಗಿಸುವ ಪುಟ್ಟ ಜನರೇಟರ್‌ಗಿಂತ ಒಳ್ಳೆಯ ಉಪಕರಣ ಸಿಕ್ಕಿಲ್ಲ. ಬಲ್ಬಿನ ತಂತಿ ಬಿಚ್ಚಿಟ್ಟು ಹಿಡಿ ತಿರುಗಿಸಿದರೆ ಸಲೀಸಾಗಿ ಓಡುತ್ತದೆ. ತಿರುಗುತ್ತಿರುವಾಗಲೇ ತಂತಿ ಸೇರಿಸಿದಿರೋ, ಹಿಡಿ ತಟ್ಟನೆ ಭಾರವಾಗುತ್ತದೆ. ಇನ್ನೊಂದು ಬಲ್ಬನ್ನು ಪಕ್ಕಕ್ಕೆ ಜೋಡಿಸಿದರೆ ಮತ್ತಷ್ಟು ಭಾರ. ನಮ್ಮ ಎಂಟನೇ ತರಗತಿಯ ಹುಡುಗಿಯೊಬ್ಬಳು ‘ಸರ್, ಒಳಗೆ ಏನೋ ಸಿಕ್ಕಿಹಾಕಿಕೊಂಡಿದೆ’ ಎಂದು ನಿಲ್ಲಿಸಿ, ಹಲ್ಲುಚಕ್ರದೊಳಗೆ ಇಣುಕಿದಳು. ಏನೂ ಇರಲಿಲ್ಲ. ತಂತಿ ಕಿತ್ತು ತಿರುಗಿಸಿದಳು, ಹಗುರ. ಸಿಕ್ಕಿಸಿದಳು, ಭಾರ. ಮತ್ತೆ ಕಿತ್ತಳು. ಸುರುಳಿಯಲ್ಲಿ ಹರಿಯುವ ವಿದ್ಯುತ್ತೇ ಕಾಂತಬಲವಾಗಿ ತಿರುಗುವುದನ್ನು ತಡೆಯುತ್ತದೆ ಎಂದು ನಾನು ಹೇಳುವ ಹೊತ್ತಿಗೆ ಅವಳ ಮಣಿಕಟ್ಟಿಗೆ ಅದು ಗೊತ್ತಾಗಿತ್ತು. ಶರಾವತಿಯ ನೀರು ತಳ್ಳುವುದೂ, ರಾಯಚೂರಿನ ಹಬೆ ತಳ್ಳುವುದೂ ಇದೇ ಭಾರವನ್ನು.

ಸೈಕಲ್ ಜನರೇಟರ್ ಇದರ ಅಣ್ಣ. ಗಟ್ಟಿಮುಟ್ಟಾದ ಮನುಷ್ಯ ಒಂದೇ ಸಮನೆ ತುಳಿದರೆ ಸುಮಾರು 100 ವ್ಯಾಟ್ ಕೊಡಬಲ್ಲ. 9 ವ್ಯಾಟಿನ ಎಲ್‌ಇಡಿಯಾದರೆ ಹಾಡು ಹೇಳಿಕೊಂಡೇ ತುಳಿಯಬಹುದು. 60 ವ್ಯಾಟಿನ ಹಳೆಯ ಬಲ್ಬು ಹಾಕಿದರೆ ಹಾಡು ನಿಲ್ಲುತ್ತದೆ. ಒಂದು ಯೂನಿಟ್ (ಅಂದರೆ 1000 ವ್ಯಾಟ್ ಒಂದು ಗಂಟೆ) ಆಗಬೇಕಾದರೆ 10 ಗಂಟೆ ತುಳಿಯಬೇಕು. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ ಹೆಚ್ಚೆಂದರೆ 200 ಯೂನಿಟ್‌ವರೆಗೆ ಬಿಲ್ಲಿಲ್ಲ ಅಲ್ಲವೇ, ಅದನ್ನು ಕಾಲಲ್ಲಿ ತುಳಿದು ತೀರಿಸಲು 2000 ಗಂಟೆ, ಅಂದರೆ ಊಟ ನಿದ್ದೆ ಬಿಟ್ಟು 83 ದಿನ. (ಯೋಜನೆಯ ಪರ ವಿರೋಧದ ಜಗಳಕ್ಕೆ ದಯವಿಟ್ಟು ಬೇರೆ ಗೋಡೆ ಹುಡುಕಿಕೊಳ್ಳಿ.)

ಈ ಲೆಕ್ಕ ಕಾಲಿಗೆ ಹತ್ತಿದ ಮೇಲೆ ಮಕ್ಕಳನ್ನು ಪಾವಗಡಕ್ಕೆ ಕರೆದೊಯ್ಯಬೇಕು. ತಿರುಮಣಿ, ವಳ್ಳೂರು ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ಜಮೀನನ್ನು ರೈತರಿಂದ ಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಬೇಲಿಯಾಚೆ ನಿಂತು ನೋಡಿದರೆ ನೀಲಿ ಸಾಲುಗಳು, ಒಂದು ಸೆಲ್ಫಿ, ಮುಗಿಯಿತು. ಸೈಕಲ್ ತುಳಿದ ಮಗು ಹಾಗೆ ನೋಡುವುದಿಲ್ಲ. ಪಾರ್ಕ್ ಪೂರ್ತಿ ಸಾಮರ್ಥ್ಯದಲ್ಲಿದ್ದಾಗ ಅದಕ್ಕೆ ಸಮ ತುಳಿಯಲು ಎರಡು ಕೋಟಿ ಜನ ಬೇಕು. 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಮೂರನೇ ಒಂದು ಪಾಲು!

ಸೋಲಾರ್ ವಿಷಯದಲ್ಲಿ ಕೆಡಿಸಿ ಕಲಿಯುವುದು ಇನ್ನೂ ಸುಲಭ. 12 ವೋಲ್ಟಿನ ಸಣ್ಣ ಫಲಕದಲ್ಲಿ ಸಾಮಾನ್ಯವಾಗಿ 36 ಕೋಶಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅದಕ್ಕೊಂದು ಪುಟ್ಟ ಫ್ಯಾನ್ ಸಿಕ್ಕಿಸಿ, ಒಂದೇ ಒಂದು ಕೋಶದ ಮೇಲೆ ಅಂಗೈ ಇಡಿ. ಉಳಿದ 35 ಬಿಸಿಲಿನಲ್ಲಿದ್ದರೂ ಫ್ಯಾನ್ ಸೊರಗುತ್ತದೆ. ದೊಡ್ಡ ಫಲಕಗಳಲ್ಲಿ ಈ ತೊಂದರೆಗೆಂದೇ, ನೆರಳು ಬಿದ್ದ ಕೋಶಗಳನ್ನು ಬಳಸಿಕೊಂಡು ಹೋಗಲು ಕರೆಂಟಿಗೆ ಪಕ್ಕದ ದಾರಿ ಕೊಡುವ ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಇನ್ನು, ಬಿಸಿಲು ಸುಟ್ಟಷ್ಟೂ ಕರೆಂಟ್ ಜಾಸ್ತಿ ಎಂದು ನಂಬಿದವರು ನಮ್ಮಲ್ಲಿ ಮೇಷ್ಟ್ರುಗಳೂ ಇದ್ದಾರೆ. ಫಲಕಕ್ಕೆ ಬೇಕಾದದ್ದು ಬೆಳಕು. ಕಾದರೆ ಅದರ ಶಕ್ತಿ ಡಿಗ್ರಿಗೆ ಹೆಚ್ಚುಕಡಿಮೆ ಶೇ 0.4ರಷ್ಟು ಇಳಿಯುತ್ತದೆ. ಮಲ್ಟಿಮೀಟರ್ ಹಚ್ಚಿ, ಕಾದ ಫಲಕದ ಬೆನ್ನಿಗೆ ಒದ್ದೆ ಬಟ್ಟೆ ಹಿಡಿದರೆ ವೋಲ್ಟ್ ಮೆಲ್ಲಗೆ ಏರುವುದು ಕಾಣುತ್ತದೆ. ಧೂಳು ಹಾಕಿ ಒರೆಸಿಯೂ ನೋಡಲಿ. ಪಾವಗಡದಂಥ ಬರದ ತಾಲ್ಲೂಕಿನಲ್ಲಿ ಅಷ್ಟೊಂದು ಗಾಜು ತೊಳೆಯಲು ನೀರೆಲ್ಲಿಂದ ಎಂದು ಅವರೇ ಕೇಳುತ್ತಾರೆ. ಯಾವ ಭಾಷಣವೂ ಆ ಪ್ರಶ್ನೆ ಹುಟ್ಟಿಸಿದ್ದನ್ನು ನಾನು ಕಂಡಿಲ್ಲ.

ಅನುದಾನ ಎಲ್ಲಿದೆ ಎನ್ನುವವರಿಗೆ: ಮೋಟಾರು, ಡಯೋಡು, ಸಣ್ಣ ಫಲಕ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಒಂದು ಥರ್ಮಾಕೋಲ್ ಬೆಟ್ಟಕ್ಕೆ ಸುರಿಯುವ ಬಣ್ಣ, ಗೋಂದಿನ ದುಡ್ಡಿನಲ್ಲಿ ಅರ್ಧ ಸಾಮಾನು ಬಂದೀತು. ಮುರಿದರೆ ಮುರಿಯಲಿ, ಬೆಸುಗೆ ಹಾಕಲು ಕಲಿಯುತ್ತಾರೆ.

ಸದ್ಯಕ್ಕೆ ನಮ್ಮ ಶಾಲೆಗೆ ಹಳೆಯದೊಂದು ಸೈಕಲ್ ಬೇಕಾಗಿದೆ. ತುಮಕೂರು, ಕೊರಟಗೆರೆ, ಮಧುಗಿರಿ ಕಡೆ ಯಾರಲ್ಲಾದರೂ ಬಿದ್ದಿದ್ದರೆ ಮೆಸೇಜ್ ಮಾಡಿ, ಬಂದು ಒಯ್ಯುತ್ತೇವೆ. ಚೈನು, ಹಿಂದಿನ ಚಕ್ರ ಚೆನ್ನಾಗಿರಲಿ. ಬ್ರೇಕು ಇಲ್ಲದಿದ್ದರೂ ನಡೆಯುತ್ತದೆ.