ಹಲ್ಲು ಕಿತ್ತ ಗಾಯಕ್ಕೆ ಬೋಳ, ಸಾಂಬ್ರಾಣಿ ಹಚ್ಚುವ ಮುಂಚೆ

ಹಲ್ಲು ಕೀಳಿಸಿದ ದಿನವೇ ಬೋಳದ (ಮಿರ್ ಎಂಬ ಮರದಂಟಿನ) ಪುಡಿ ತಂದು ಗಾಯಕ್ಕೆ ಒತ್ತುವವರಿದ್ದಾರೆ. ದಯವಿಟ್ಟು ಬೇಡ. ಮರದಂಟುಗಳ ಗುಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವು ವಸಡಿಗೆ ಹಚ್ಚುವ ಔಷಧ, ಹಲ್ಲು ಕಿತ್ತ ಗುಂಡಿಯೊಳಗೆ ತುಂಬುವಂಥದ್ದಲ್ಲ.

ಆ ಗುಂಡಿಯಲ್ಲಿ ಕೂತ ರಕ್ತದ ಹೆಪ್ಪೇ ಎಲುಬನ್ನು ಮುಚ್ಚಿ ಕಾಪಾಡುತ್ತದೆ, ಹೊಸ ಮಾಂಸ ಬೆಳೆಯುವುದೂ ಅದರೊಳಗೇ. ಹೆಪ್ಪು ಕಿತ್ತುಬಂದರೆ ಎಲುಬು ಬರಿದಾಗಿ, ಸಾಮಾನ್ಯವಾಗಿ ಮೂರನೇ ದಿನದ ಹೊತ್ತಿಗೆ ಕಿವಿಯವರೆಗೂ ಸೆಳೆಯುವ ನೋವು, ಬಾಯಲ್ಲಿ ದುರ್ವಾಸನೆ ಶುರುವಾಗುತ್ತದೆ. ಇದೇ ಡ್ರೈ ಸಾಕೆಟ್. ಹಾಗಾಗಿ ಮೊದಲ 24 ಗಂಟೆ ಮುಕ್ಕಳಿಸಬಾರದು, ಜೋರಾಗಿ ಉಗುಳಬಾರದು, ಸ್ಟ್ರಾದಲ್ಲಿ ಹೀರಬಾರದು. ಬೀಡಿ ಸಿಗರೇಟು ಇನ್ನೂ ಕೆಲವು ದಿನ ದೂರವಿರಲಿ.

ಪುಡಿ ಯಾಕೆ ಬೇಡ? ಬೋಳದಲ್ಲಿ ಗೋಂದೂ ಇದೆ, ರಾಳವೂ ಇದೆ. ಗೋಂದು ನೀರಿಗೆ ಕರಗುತ್ತದೆ, ರಾಳ ಕರಗುವುದಿಲ್ಲ. ಎಂಜಲು ತಾಗಿದ ಪುಡಿ ಜಿಗುಟಾಗಿ, ರಾಳದ ಕಣಗಳು ಗುಂಡಿಯಲ್ಲೇ ಉಳಿದು, ಅವಕ್ಕೆ ಅನ್ನದಗುಳು ಅಂಟಿಕೊಳ್ಳುತ್ತದೆ. ರಾಳವನ್ನು ಕರಗಿಸಬೇಕೆಂದೇ ಬೋಳದ ಟಿಂಚರ್ ಅನ್ನು ಕಡು ಆಲ್ಕೋಹಾಲಿನಲ್ಲಿ ಮಾಡುವುದು. ಅದನ್ನು ನೀರಿಗೆ ತೊಟ್ಟಿಕ್ಕಿಸಿ ನೋಡಿ: ನೀರು ಹಾಲಿನಂತೆ ಮಬ್ಬಾಗಿ, ಲೋಟದ ಒಳಬದಿಗೆ ಅಂಟಂಟು ಪದರ ಕೂರುತ್ತದೆ. ಅದು ಬೇರ್ಪಟ್ಟ ರಾಳ.

ಮೊದಲ ವಾರಕ್ಕೆ ಉಪ್ಪುನೀರೇ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ಬಾಯಲ್ಲಿ ಹಿಡಿದು ತಲೆ ಆಚೀಚೆ ವಾಲಿಸಿ, ಬಾಯಿ ತೆರೆದು ತಾನಾಗೇ ಸುರಿಯಲು ಬಿಡಿ. ಗಾಯ ಕೂಡಿಕೊಂಡ ಮೇಲೂ ಸುತ್ತಲ ವಸಡು ಕೆಂಪಗಿದ್ದರೆ, ದಂತವೈದ್ಯರು ಒಪ್ಪಿದರೆ, ಲೋಟ ನೀರಿಗೆ 5ರಿಂದ 10 ಹನಿ ಬೋಳದ ಟಿಂಚರ್ ಹಾಕಿ ಮುಕ್ಕಳಿಸಬಹುದು. ನುಂಗಬೇಡಿ. ಬಾಯಿಯ ಸಣ್ಣಪುಟ್ಟ ಉರಿಯೂತಕ್ಕೆ ಗಿಡಮೂಲಿಕೆ ಔಷಧಗಳನ್ನು ಪರಿಶೀಲಿಸಿದ ಜರ್ಮನಿಯ ತಜ್ಞರ ಸಮಿತಿ ಕಮಿಷನ್ ಇ ಒಪ್ಪಿದ ಪ್ರಮಾಣವಿದು. ಆ ಒಪ್ಪಿಗೆ ಹಸಿ ಗಾಯದ ಗುಂಡಿಗಲ್ಲ ಅನ್ನುವುದು ನೆನಪಿರಲಿ.

ಸಾಂಬ್ರಾಣಿಯ ವಿಷಯ ಬೇರೆ. ವೈಟ್‌ಹೆಡ್ಸ್ ವಾರ್ನಿಷ್ ಎಂಬ ಹಳೆಯ ದಂತೌಷಧದಲ್ಲಿ ಬೆಂಜೋಯಿನ್, ಅಂದರೆ ಸಾಂಬ್ರಾಣಿಯ ರಾಳ, ಇನ್ನೆರಡು ಮರದಂಟುಗಳಾದ ಸ್ಟೋರಾಕ್ಸ್, ಟೋಲು ಬಾಲ್ಸಮ್‌ಗಳ ಜೊತೆ ಅಯೋಡೋಫಾರ್ಮ್ ಎಂಬ ನಂಜುನಿರೋಧಕ ಇರುತ್ತದೆ. ಗಾಜ್ ಪಟ್ಟಿಯನ್ನು ಅದರಲ್ಲಿ ಅದ್ದಿ ಗುಂಡಿಗೆ ಇಡುವುದೂ ವೈದ್ಯರೇ, ತೆಗೆಯುವುದೂ ಅವರೇ. ಅದನ್ನು ನೆಚ್ಚಿಕೊಂಡು ಧೂಪದ ಸಾಂಬ್ರಾಣಿಯನ್ನು ಬಾಯಿಗೆ ಹಾಕಬೇಡಿ, ಅದರಲ್ಲಿ ಏನೇನು ಬೆರೆತಿರುತ್ತದೋ. ಬೆಂಜೋಯಿನ್, ಅಂಥದೇ ಮರದಂಟಾದ ಪೆರು ಬಾಲ್ಸಮ್ ಎರಡೂ ಕೆಲವರಿಗೆ ಅಲರ್ಜಿ ತರುತ್ತವೆ. ರೂಮಿ ಮಸ್ತಕಿ ಎಂಬ ಮರದಂಟನ್ನು ಅಗಿಯುವ ಅಭ್ಯಾಸವಿದ್ದರೆ ಹೊಲಿಗೆ ಹಾಕಿದ್ದರೆ ಅದು ಹೋಗಿ, ಗಾಯ ಮಾಯುವವರೆಗೆ ನಿಲ್ಲಿಸಿ.

ಗರ್ಭಿಣಿಯರು, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಬೋಳ, ಗುಗ್ಗುಳಗಳನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಗಾಜ್ ಕಚ್ಚಿ ಅರ್ಧ ಗಂಟೆಯಾದರೂ ರಕ್ತ ನಿಲ್ಲದಿದ್ದರೆ, ಮೂರು ದಿನದ ಮೇಲೂ ಊತ ಏರುತ್ತಿದ್ದರೆ, ಜ್ವರ, ಕೀವು ಕಂಡರೆ ಯಾವ ಅಂಟನ್ನೂ ಹುಡುಕದೆ ದಂತವೈದ್ಯರಲ್ಲಿಗೆ ಹೋಗಿ. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ.