ಇಪ್ಪತ್ತು ಪಟ್ಟು ಆಸೆ

ಒಂದು ಮನೆಗೆ ಮೂರು ದುರ್ಬೀನು ಯಾಕೆ ಎಂದು ನನ್ನ ಹೆಂಡತಿ ಈಗ ಕೇಳುವುದಿಲ್ಲ. ಹಿಂದೊಮ್ಮೆ ಕೇಳಿದಾಗ ನಾನು ಅಡುಗೆಮನೆಗೆ ಹೋಗಿ ದೋಸೆ ಕಾವಲಿ, ಚಪಾತಿ ತವೆ, ಪಡ್ಡಿನ ಹಂಚು ಮೂರನ್ನೂ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದೆ. ಅಂದು ಸಂಜೆ ಆ ಮೂರರಲ್ಲಿ ಒಂದೂ ಒಲೆ ಹತ್ತಲಿಲ್ಲವೆಂಬುದು ಬೇರೆ ಮಾತು.

ಮೊದಲನೆಯದನ್ನು ಕೊಂಡದ್ದು ಒಂದು ವಸ್ತುಪ್ರದರ್ಶನದ ಮಳಿಗೆಯಲ್ಲಿ. ಮೈಮೇಲೆ 20×50 ಎಂದು ಬರೆದಿತ್ತು. ಪಕ್ಕದಲ್ಲಿದ್ದ 8×42 ಅದಕ್ಕಿಂತ ದುಬಾರಿ. ಎಂಟು ಪಟ್ಟಿಗೆ ಹೆಚ್ಚು ದುಡ್ಡು, ಇಪ್ಪತ್ತು ಪಟ್ಟಿಗೆ ಕಡಿಮೆ ಎಂದರೆ ಅಂಗಡಿಯವನಿಗೆ ಲೆಕ್ಕ ಬರುವುದಿಲ್ಲವೆಂದು ತಿಳಿದು, ಅವನು ಎಚ್ಚೆತ್ತುಕೊಳ್ಳುವ ಮೊದಲೇ ಹಣ ಕೊಟ್ಟು ಹೊರಬಿದ್ದೆ.

ಮರುವಾರವೇ ರಂಗನತಿಟ್ಟು. 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದ ಫಲವಾಗಿ, ಪಕ್ಷಿಧಾಮವಾದ ಜಾಗ. ಅಂಥ ಕಡೆಗೆ ಬರಿಗಣ್ಣಿನಲ್ಲಿ ಹೋಗುವುದುಂಟೇ? ದೋಣಿಯಲ್ಲಿ ಕುಳಿತು ಕೊಕ್ಕರೆಯ ಕಡೆ ಹಿಡಿದರೆ ಅದು ನನ್ನ ಎದೆಬಡಿತಕ್ಕೆ ತಾಳ ಹಾಕಿ ಕುಣಿಯತೊಡಗಿತು. ಹಕ್ಕಿಯನ್ನು ಇಪ್ಪತ್ತು ಪಟ್ಟು ದೊಡ್ಡದು ಮಾಡುವ ಯಂತ್ರ ಕೈನಡುಕವನ್ನು ಮಾತ್ರ ಬಿಟ್ಟುಬಿಡುತ್ತದೆಯೇ? ದೋಣಿಯ ತೂಗಾಟ ಬೇರೆ. ಕಾಣುವ ವೃತ್ತವೂ ಎಷ್ಟು ಚಿಕ್ಕದೆಂದರೆ, ಒಮ್ಮೆ ತಪ್ಪಿದ ಹಕ್ಕಿ ಮತ್ತೆ ಸಿಕ್ಕಲಿಲ್ಲ. ಎಲೆ, ಎಲೆ, ಆಕಾಶ, ಮತ್ತೆ ಎಲೆ. ಕೊನೆಗೆ ದೋಣಿಯವರು ಮೆಲ್ಲಗೆ, "ಸರ್, ಅದನ್ನು ಇಳಿಸಿ ನೋಡಿ, ಮೊಸಳೆ ಪಕ್ಕದಲ್ಲೇ ಇದೆ" ಎಂದರು. ಹತ್ತು ಅಡಿ ದೂರದ ಬಂಡೆಯ ಮೇಲೆ ಅದು ಬಾಯಿ ತೆರೆದು ಮಲಗಿತ್ತು.

ಆಮೇಲೆ ಬುದ್ಧಿ ಕಲಿತು 8×42 ತಂದೆ. ಇದರ ಗುಟ್ಟು ಪ್ರಾಥಮಿಕ ಶಾಲೆಯ ಭಾಗಾಕಾರದಷ್ಟೇ. ಮೊದಲ ಅಂಕಿ ಎಷ್ಟು ಪಟ್ಟು ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಬಿಲ್ಲೆಯ ಅಗಲ ಸಿಗುತ್ತದೆ. ದುರ್ಬೀನನ್ನು ಆಕಾಶಕ್ಕೆ ಹಿಡಿದು ಕೈಚಾಚಿ ದೂರದಿಂದ ನೋಡಿದರೆ ಆ ಬಿಲ್ಲೆ ಕಾಣುತ್ತದೆ ಕೂಡ. ನನ್ನ ಇಪ್ಪತ್ತರದು ಎರಡೂವರೆ ಮಿಲಿಮೀಟರು, ಎಂಟರದು ಐದಕ್ಕಿಂತ ತುಸು ಹೆಚ್ಚು. ನಡುಹಗಲಿನಲ್ಲಿ ಕಣ್ಣಿನ ಪಾಪೆಯೇ ಅಷ್ಟು ಕಿರಿದಾಗಿರುವುದರಿಂದ ಎರಡೂವರೆ ಸಾಕು. ಆದರೆ ಹಕ್ಕಿಗಳು ನಮ್ಮ ಅನುಕೂಲ ನೋಡಿ ನಡುಹಗಲಿನಲ್ಲಿ ಬರುವುದಿಲ್ಲ. ಬೆಳಗಿನ ಮಬ್ಬಿನಲ್ಲಿ, ಮರದ ನೆರಳಿನಲ್ಲಿ ಬರುತ್ತವೆ. ಎಂಟರ ಬೆಲೆ ಅರ್ಥವಾದದ್ದು ಆಗ.

ಮೂರನೆಯದು ಕಾರವಾರದಲ್ಲಿ ನೌಕಾಪಡೆಯ ಕೆಲಸದಲ್ಲಿದ್ದ ನನ್ನ ಷಡ್ಡಕ ಕೊಟ್ಟ 7×50. ಹಡಗಿನವರಿಗೆ ಅದೇ ಸರಿ: ತೂಗುವ ಅಟ್ಟದ ಮೇಲೆ ಏಳು ಪಟ್ಟಿಗಿಂತ ಹೆಚ್ಚು ಹಿಡಿತಕ್ಕೆ ಸಿಗುವುದಿಲ್ಲ, ರಾತ್ರಿಯ ಕಾವಲಿಗೆ ಏಳು ಮಿಲಿಮೀಟರಿನ ದೊಡ್ಡ ಬಿಲ್ಲೆಯೇ ಬೇಕು. ಆದರೆ ಕತ್ತಲಲ್ಲಿ ಪಾಪೆ ಏಳು ಮಿಲಿಮೀಟರು ಹಿಗ್ಗುವುದು ಎಳೆಯ ಪ್ರಾಯದಲ್ಲಿ. ಅರವತ್ತರ ನನ್ನ ಕಣ್ಣು ಐದಕ್ಕೇ ಸುಸ್ತು. ಉಳಿದ ಬೆಳಕು, ಹಂಡೆ ನೀರನ್ನು ಚೊಂಬಿಗೆ ಸುರಿದಂತೆ, ಪಕ್ಕಕ್ಕೆ ಚೆಲ್ಲಿ ಹೋಗುತ್ತದೆ. ಷಡ್ಡಕನಿಗೆ ಈ ವಿಷಯ ಹೇಳಿಲ್ಲ. ಕೊರಳಿಗೆ ಹಾಕಿಕೊಂಡರೆ ಒಂದು ಕಿಲೋ ತೂಗುವ ಅದು ಕತ್ತು ಬಗ್ಗಿಸಿ ವಿನಯ ಕಲಿಸುತ್ತದೆ.

ಎರವಲು ಕೇಳುವವರ ಬಗ್ಗೆಯೂ ಒಂದು ಮಾತು. ಬಲಗಣ್ಣಿನ ಗಾಜಿಗೆ ಬೇರೆಯೇ ಒಂದು ಬಳೆ ಇರುತ್ತದೆ. ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸವನ್ನು ಅದರಿಂದ ಸರಿಪಡಿಸಿಕೊಳ್ಳಬೇಕು. ಅದು ಯಾತಕ್ಕೆಂದು ನೆಂಟರಲ್ಲಿ ಒಬ್ಬರಿಗೂ ತಿಳಿಯದು, ತಿರುಗಿಸದೆ ಹಿಂದಿರುಗಿಸಿದವರೂ ಒಬ್ಬರಿಲ್ಲ. ಮೇಲಾಗಿ, "ನಿಮ್ಮದು ಸ್ವಲ್ಪ ಮಸುಕು" ಎಂಬ ದೂರು.

ಇಪ್ಪತ್ತರದನ್ನು ಮಾತ್ರ ಯಾರೂ ಕೇಳುವುದಿಲ್ಲ. ಅದನ್ನು ತಾರಸಿಯ ಗೋಡೆಯ ಮೇಲೆ ಅಕ್ಕಿ ತುಂಬಿದ ಚೀಲಕ್ಕೆ ಒರಗಿಸಿ, ಉಸಿರು ಬಿಗಿಹಿಡಿದರೆ ಗುರುಗ್ರಹದ ಪಕ್ಕದಲ್ಲಿ ಅದರ ನಾಲ್ಕು ದೊಡ್ಡ ಚಂದ್ರಗಳು ಸಾಸಿವೆ ಕಾಳಿನಂತೆ ಕಾಣುತ್ತವೆ. ನಾಲ್ಕೂ ಕಂಡ ರಾತ್ರಿ ನಾನು ಮನೆಯವರನ್ನೆಲ್ಲ ಎಬ್ಬಿಸಿದ್ದೆ. ಹೆಂಡತಿ ಬಂದು, ನೋಡಿ, "ಅಕ್ಕಿ ಇಬ್ಬನಿಗೆ ನೆನೆಯುತ್ತದೆ" ಎಂದು ಚೀಲ ಎತ್ತಿಕೊಂಡು ಇಳಿದಳು.

ಅದಕ್ಕೆ ಇನ್ನೊಂದು ಉಪಯೋಗ ಕಂಡುಹಿಡಿದವಳು ಮೊಮ್ಮಗಳು. ಆಟವಾಡುತ್ತಾ ತಲೆಕೆಳಗು ಹಿಡಿದು, ದೊಡ್ಡ ಗಾಜಿಗೆ ಕಣ್ಣಿಟ್ಟು, ಸಣ್ಣ ಗಾಜನ್ನು ನೆಲದ ಇರುವೆಯ ಹತ್ತಿರಕ್ಕೆ ಒಯ್ದಳು. ಇರುವೆಯ ಮೀಸೆ ಕಂಡಿತಂತೆ. ಮರುದಿನ ಬೆಳಿಗ್ಗೆ ನೋಡುತ್ತೇನೆ, ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ಅದನ್ನೇ ತಿರುಗಿಸಿ ಹಿಡಿದು ನನ್ನ ಮಾತ್ರೆಯ ಪಟ್ಟಿಯ ಪುಟ್ಟ ಅಕ್ಷರ ಓದುತ್ತಿದ್ದಾಳೆ.

"ಇದರ ಅವಧಿ ಮುಗಿದು ಎರಡು ತಿಂಗಳಾಯಿತಲ್ಲ" ಎಂದಳು.